ಮುಕಾದಮನ ಪಕ್ಕಕ್ಕೆ ಅಂಟಿಸಿದ ನಗು

ಆ ನಗು ಫಿಲ್ಮಿನ ಮೂವತ್ತೊಂದು ಚೌಕಟ್ಟುಗಳಷ್ಟಿತ್ತು, ಪರದೆಯ ಮೇಲೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಶಹಾಬಾದಿನ ಕಲ್ಲುಗಣಿಯ ಬಗ್ಗೆ ನಾನು ಸಂಕಲನ ಮಾಡಿದ ಮೊದಲ ಕಿರುಚಿತ್ರವದು. ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುವ ಹೆಂಗಸೊಬ್ಬಳು ತಲೆಯೆತ್ತಿ ನಗುತ್ತಾಳೆ. ಮರುಕ್ಷಣ ಕೂಲಿಗಳ ಮೇಲ್ವಿಚಾರಕ ಮುಕಾದಮ ಮೀಸೆ ತಿರುವುತ್ತಾನೆ. ಎರಡನ್ನೂ ಬೇರೆ ಬೇರೆ ದಿನ ತೆಗೆದಿದ್ದೆವು. ಒಂದು ಮುಖದ ನಂತರ ಏನು ಬರುತ್ತದೋ ಅದನ್ನೇ ಆ ಮುಖ ನೋಡುತ್ತಿದೆಯೆಂದು ಜನ ನಂಬುತ್ತಾರೆ ಎಂಬ ಪಾಠ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂಟಿಸಿದ್ದೆ.

ಚಿತ್ರವನ್ನು ಗಣಿಯವರಿಗೇ ಮೊದಲು ತೋರಿಸಿದೆವು. ಗಂಡಸರು ಸಿಳ್ಳೆ ಹಾಕಿದರು. ನಕ್ಕ ಹೆಂಗಸಿನ ಅತ್ತೆ ಎದ್ದು ನಿಂತಳು.

"ನೋಡ್ರಿ ನಮ್ಮ ಸೊಸಿ ದುಡಿಯೋ ಚಂದ. ಇದಕ್ಕೇ ದಿನಾ ಎಣ್ಣಿ ಹಚ್ಚಿ ತಲಿ ಬಾಚ್ತಾಳ. ಕೂಸಿನ್ನ ಇಲ್ಲೇ ಬಿಟ್ಟು ನಾಳಿಗಿ ತವರಿಗಿ ನಡಿಯವ್ವ."

ಸೊಸೆ ನೇರ ನನ್ನ ಬಳಿ ಬಂದಳು.

"ಅಕ್ಕೋರ, ನಾ ಯಾರಿಗಿ ನೋಡಿ ನಕ್ಕೀನಿ ಹೇಳ್ರಿ. ಜೋಳಿಗ್ಯಾಗಿನ ಕೂಸು ಎದ್ದಿತ್ತು. ನೀವೂ ಅಲ್ಲೇ ಕುಂತಿದ್ರಿ."

"ಹಂಗ ಜೋಡ್ಸಿದ್ರ ಚಲೋ ಕಾಣ್ತದಂತ ಮಾಡಿದ್ದೆ."

"ಯಾರಿಗಿ ಚಲೋ? ನಿಮ್ಮ ಮಾರಿ ಬಾಜೂಕ ಆ ಮೀಸಿ ಹಚ್ಚಿದ್ರ ಸುಮ್ ಕುಂದರ್ತಿದ್ರೇನು?"

ಸುತ್ತಲಿದ್ದವರು ನಕ್ಕರು. ಆಕೆ ನಗಲಿಲ್ಲ, ನನ್ನ ಕಡೆ ಉಗುಳಿ ಹೋದಳು.

ಮರುದಿನ ಬೆಳಿಗ್ಗೆ ಅಂಟು ಬಿಡಿಸಿ ಮುಕಾದಮನನ್ನು ತೆಗೆದೆ. ಬೇಡವೆಂದು ಎತ್ತಿಟ್ಟಿದ್ದ, ಕೂಸು ಎದ್ದ ದೃಶ್ಯದ ಫಿಲ್ಮ್ ತುಂಡನ್ನು ಆ ನಗುವಿಗೆ ಸೇರಿಸಿ ಅವರ ಮನೆಗೆ ಒಯ್ದೆ. ಬಾಗಿಲಿಗೆ ಅಡ್ಡ ನಿಂತಿದ್ದ ಅತ್ತೆಯ ಕೈಗೆ ಅದನ್ನೂ ಒಂದು ಭೂತಗನ್ನಡಿಯನ್ನೂ ಕೊಟ್ಟು, ಬಿಸಿಲಿಗೆ ಹಿಡಿದು ನೋಡಿರೆಂದೆ.