ಮಾಬೂಬಿ ಮುಟ್ಟಿ ನೋಡಿದ ನಕ್ಷತ್ರಗಳು

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವಳಲ್ಲ. ದೆವ್ವ, ಶಕುನ ಎಂದವರ ಎದುರಿಗೇ ನಕ್ಕುಬಿಡುತ್ತಿದ್ದೆ. ಎಂಬತ್ತರ ದಶಕದ ಒಂದು ಮಧ್ಯಾಹ್ನ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಈಗ ನೀವು ನನ್ನನ್ನು ನೋಡಿ ನಗಬಹುದು.

ಆಗ ನನ್ನದು ಪಿಎಚ್.ಡಿ. ಕೆಲಸ. ಸುರುಳಿಯಾಕಾರದ ಗ್ಯಾಲಕ್ಸಿಯೊಂದರ ಫೋಟೊದಲ್ಲಿ ನಕ್ಷತ್ರಗಳು ಹುಟ್ಟುವ ಜಾಗಗಳನ್ನು ಗುರುತಿಸಿ, ವರ್ಷಕ್ಕೆ ಎಷ್ಟು ಹುಟ್ಟುತ್ತವೆ ಎಂದು ಅಂದಾಜು ಮಾಡಬೇಕಿತ್ತು. ಫೋಟೊ ಕಟ್ಟಿಕೊಂಡೇ ಸವಣೂರಿನ ಮನೆಗೆ ಬಂದಿದ್ದೆ. ಅಕ್ಕ ಹೆರಿಗೆಗೆಂದು ಹಿರೇಕೆರೂರಿನಿಂದ ಬಂದಿದ್ದಳು. ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಸೂಲಗಿತ್ತಿ ಮಾಬೂಬಿ ಬಂದರು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕಣ್ಣು ಮುಚ್ಚಿ ಹೊಟ್ಟೆ ಮುಟ್ಟುವುದು ಅವರ ರೂಢಿ. ಬಹಳ ಹೊತ್ತು ಮುಟ್ಟಿ, "ಕೂಸಿಗೆ ತ್ರಾಸ ಆಗಾಕತ್ತೈತಿ. ಇವತ್ತ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ" ಎಂದರು. ಹಿಂದಿನ ದಿನವಷ್ಟೇ ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದರು. ನನಗೆ ಸಿಟ್ಟು ಬಂತು. ಫೋಟೊ ತಂದು ಅವರ ಮುಂದೆ ಹಿಡಿದೆ. "ಇದೂ ಬಸರಿ ಐತಿ. ಇದನ್ನೂ ಮುಟ್ಟಿ ಹೇಳ್ರಿ ನೋಡೂಣು."

ನನ್ನ ಕುಹಕ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದರೋ. ಅದೇ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಬರೀ ಕಪ್ಪು ದೂಳು ಕಾಣುತ್ತಿದ್ದ ಮೂರು ಕಡೆ ಬೆರಳೂರಿ, "ಇಲ್ಲಿ ಹುಟ್ಟಾಕತ್ತಾವ ತಂಗಿ" ಎಂದರು. ಅವರ ತಪ್ಪು ಎತ್ತಿ ತೋರಿಸಲೆಂದೇ ಪೆನ್ಸಿಲಿನಿಂದ ಗುರುತು ಹಾಕಿದೆ. ಅಷ್ಟರಲ್ಲಿ ಅಕ್ಕ ಎದ್ದು, "ಜೀಪ ತರಸ್ರಿ, ನಾ ಹೋಗ್ತೇನಿ" ಎಂದಳು.

ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಕೊರಳಿಗೆ ಕರುಳುಬಳ್ಳಿ ಸುತ್ತಿಕೊಂಡಿತ್ತು. ಇನ್ನರ್ಧ ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ. ಹೆಣ್ಣು ಕೂಸು. ಎತ್ತಿಕೊಂಡಾಗ ನಾಚಿಕೆ, ಅಳು ಎರಡೂ ಒಟ್ಟಿಗೇ ಬಂದವು. ನುರಿತ ಕೈ, ತಿಳಿದಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಎಂಟು ತಿಂಗಳ ಮೇಲೆ ಅದೇ ಗ್ಯಾಲಕ್ಸಿಯ ಇನ್ನೊಂದು ಫೋಟೊ ಬಂತು. ಇದು ದೂಳನ್ನು ದಾಟಿ ಬರುವ ಬೆಳಕಿನಲ್ಲಿ ತೆಗೆದದ್ದು. ಪೆನ್ಸಿಲ್ ಗುರುತಿದ್ದ ಮೂರೂ ಕಡೆ ಎಳೆಯ ನಕ್ಷತ್ರಗಳ ಗುಂಪು! ನುರಿತ ಕೈಯೇ ಇರಲಿ, ಕಾಗದಕ್ಕೆ ನಾಡಿ ಎಲ್ಲಿಂದ ಬರಬೇಕು?

ಫೋಟೊ ಹಿಡಿದು ಸವಣೂರಿಗೆ ಓಡಿದೆ. ಮೂರೂ ಗುಂಪು ತೋರಿಸಿದರೂ ಮಾಬೂಬಿ ಬೆರಗಾಗಲಿಲ್ಲ. "ಇಷ್ಟೆಲ್ಲಾ ಹಡದಾಳಲ್ಲ, ಬಾಣಂತಿ ಹೆಂಗದಾಳ?" ಎಂದು ಕೇಳಿದರು.

ಫೋಟೊದಲ್ಲಿನ ಬೆಳಕು ಆ ಗ್ಯಾಲಕ್ಸಿಯಿಂದ ಹೊರಟು ಕೋಟಿಗಟ್ಟಲೆ ವರ್ಷವಾಗಿದೆ. ಆಕೆ ಈಗ ಹೇಗಿದ್ದಾಳೋ, ಯಾರು ಬಲ್ಲರು? "ಗೊತ್ತಿಲ್ರಿ" ಎಂದೆ.

"ಕೂಸುಗೋಳನ್ನ ಅಷ್ಟ ನೋಡಿ ಬಂದೆಲ್ಲ ತಂಗಿ" ಎಂದು ಮರುಗಿದರು.

ಹೇಗೆ ತಿಳಿಯಿತೆಂದು ಕೇಳಲು ಹೋದವಳು ಕೇಳದೆಯೇ ಎದ್ದು ಬಂದೆ. ಇಂದಿಗೂ ನನಗೆ ತಿಳಿದಿಲ್ಲ.