ಪರೀಕ್ಷೆಗೆ ಬರಬೇಡ ಎಂದವಳು ನಾನೇ

“ಈಕಿ ಸುಳ್ಳು ಹೇಳಾಕತ್ಯಾಳ್ರೀ ಟೀಚರ್. ಇವತ್ತ ಸಾಲಿಗೆ ಬರಬ್ಯಾಡಂತ ನೀವ ಹೇಳೀರಂತ!”

ಬಾಗಲಗುಂಟೆಯ ನಮ್ಮ ಪ್ರಾಥಮಿಕ ಶಾಲೆಯ ಗೇಟಿನಲ್ಲಿ ಐದನೆಯ ತರಗತಿಯ ರೇಣುಕಾಳ ಅಮ್ಮ ಮಗಳ ರಟ್ಟೆ ಹಿಡಿದು ನಿಂತಿದ್ದರು. ಕೊಪ್ಪಳದ ಕಡೆಯವರು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಹುಡುಗಿಯ ಕೆನ್ನೆಯ ಮೇಲೆ ಬೆರಳ ಗುರುತುಗಳು ಮೂಡಿದ್ದವು.

ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ಅಂದು. ಶುರುವಾಗಲು ಹತ್ತೇ ನಿಮಿಷವಿತ್ತು. ಬೇರೆ ಶಾಲೆಯಿಂದ ಬಂದ ಮೇಲ್ವಿಚಾರಕರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಗೈರಾದ ಮಕ್ಕಳ ಅಂಕ ಶಾಲೆಯ ಸರಾಸರಿಗೆ ಸೇರುವುದಿಲ್ಲ. ಅದಕ್ಕೇ, ಭಾಗಾಕಾರ ಇನ್ನೂ ತಲೆಗೆ ಹತ್ತದ ರೇಣುಕಾಗೆ ಹಿಂದಿನ ದಿನ ನಾನು, “ನಾಳೆ ಮನೇಲೇ ಇರು ಪುಟ್ಟಾ” ಎಂದಿದ್ದೆ.

ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅಮ್ಮ ಮತ್ತೆ ಕೈ ಎತ್ತಿದರು. “ಟೀಚರ್ ಹಂಗ ಅಂತಾರೇನ? ಖರೇ ಹೇಳ!”

“ಹೊಡೀಬೇಡಿ ಅಮ್ಮಾ. ಅವಳು ಹೇಳಿದ್ದು ನಿಜ. ನಾನೇ ಬರಬೇಡ ಅಂದಿದ್ದು,” ಎಂದೆ.

ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಆಕೆ ಸೆರಗಿನಿಂದ ಮಗಳ ಕೆನ್ನೆ ಒರೆಸಿ, “ಹೋಗವ್ವ, ಬಂದಷ್ಟ ಬರಿ,” ಎಂದು ಒಳಗೆ ಕಳಿಸಿದರು. ನನ್ನತ್ತ ನೋಡಲಿಲ್ಲ.

ರೇಣುಕಾಗೆ ಗಣಿತದಲ್ಲಿ ಇಪ್ಪತ್ತಕ್ಕೆ ಆರು ಬಂತು. ಗೇಟಿನಲ್ಲೇ ಮಗಳನ್ನು ಬಿಟ್ಟು ಹೋಗುತ್ತಿದ್ದ ಆ ತಾಯಿ ಈಗ ಕೆಲಸಕ್ಕೆ ತಡವಾದರೂ, ನಾನು ಹಾಜರಿಯಲ್ಲಿ ಅವಳ ಹೆಸರು ಕರೆಯುವ ತನಕ ಕಿಟಕಿಯಾಚೆ ನಿಂತಿರುತ್ತಾರೆ.