‘ನೀರು ಬಂತು’ ಹಾಡನ್ನು ನಾನು ಕಳಿಸಲಿಲ್ಲ

ಭೀಮು, ಹುಬ್ಬಳ್ಳಿಯ ಆ ಕ್ಯಾಸೆಟ್ ಕಂಪನಿಗೆ ನಿನ್ನ ‘ನೀರು ಬಂತು’ ಹೋಗಲೇ ಇಲ್ಲ. ನಾನು ಕಳಿಸಲಿಲ್ಲ. ಅದರ ಬದಲು ‘ಕೊನೀ ಹೊಲ’ ತುಂಬಿ ಕಳಿಸಿದೆ — ಬೇಕೆಂದೇ, ಗೊತ್ತಿದ್ದೇ. ಆಮೇಲೆ ನಿನ್ನ ಮುಖ ನೋಡಿಕೊಂಡೇ, ‘ನೀರು ಬಂತು’ ಅವರಿಗೆ ಹಿಡಿಸಲಿಲ್ಲ ಎಂದು ಸುಳ್ಳು ಹೇಳಿದೆ. ನೀನು ನಂಬಿದೆ. ಆ ಹಾಡನ್ನು ಮತ್ತೆಂದೂ ಹಾಡಲಿಲ್ಲ.

ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಮಾತನ್ನು ಸುತ್ತಿಸಿ ಸುತ್ತಿಸಿ ಹೇಳುವ ಚಾಳಿ ನನ್ನದು ಎಂದು ನಿನಗೆ ಗೊತ್ತು. ಈ ಸಲ ಸುತ್ತಿಸಲು ಹೋದರೆ ಎಲ್ಲೋ ಒಂದು ತಿರುವಿನಲ್ಲಿ ತಪ್ಪಿಸಿಕೊಂಡು ಓಡಿಬಿಡುತ್ತೇನೆ.

ನಮ್ಮಿಬ್ಬರನ್ನೂ ಅರಿಯದವರು ಇದನ್ನು ಓದಬಹುದು. ಅವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಶಹಾಪುರದ ಬಸ್ ಸ್ಟ್ಯಾಂಡಿನ ಎದುರು ನನ್ನ ಕ್ಯಾಸೆಟ್ ಅಂಗಡಿ ಇತ್ತು. ಅಪ್ಪನ ಕಿರಾಣಿ ಅಂಗಡಿಯ ಮೂಲೆಯನ್ನು ಹಲಗೆ ಹೊಡೆದು ಬೇರೆ ಮಾಡಿಕೊಂಡದ್ದು. ಹಲಗೆಯ ಆ ಕಡೆ ಬೇಳೆ, ಬೆಲ್ಲ, ಸೀಮೆಎಣ್ಣೆ. ಈ ಕಡೆ ನಾನು, ಎರಡು ಕ್ಯಾಸೆಟ್ ಒಟ್ಟಿಗೆ ಹಾಕುವ ಟೇಪ್ ರೆಕಾರ್ಡರ್, ಮತ್ತು ನನ್ನ ಬಾಯಿ. ಕೆನಾಲಿಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೆಲ್ಲು ಕಾಣತೊಡಗಿತ್ತು. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ ಎಷ್ಟೋ ಜನ ಊರಿಗೆ ತಿರುಗಿ ಬಂದರು. ಹಾಗೆ ಪಕ್ಕದ ಗೋಗಿ ಊರಿಗೆ ಬಂದವರಲ್ಲಿ ನೀನೂ ನಿನ್ನವ್ವನೂ ಇದ್ದಿರಿ. ಬೇರೆಯವರು ಟ್ರಂಕು, ಪಾತ್ರೆ, ಸೈಕಲ್ಲು ತಂದರೆ ನೀನು ಅಲ್ಲಿನ ಹಳೇ ಸಾಮಾನಿನ ಬಜಾರಿನಿಂದ ಒಂದು ಕರೆಂಟ್ ಗಿಟಾರ್ ಹೊತ್ತು ತಂದೆ.

ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಶರಣು, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತ ತಾನೂ ಒಂದು ಗಿಟಾರ್ ಇಟ್ಟುಕೊಂಡು ಬಾರಿಸುತ್ತಿದ್ದ ಖಾಜಾ, ಮತ್ತು ನೀನು. ಮೂವರೂ ಸೇರಿ ‘ತೂಬು’ ಎಂದು ಹೆಸರಿಟ್ಟುಕೊಂಡಿರಿ — ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬು. ಬೇರೆಯವರ ಒಂದು ಹಾಡನ್ನೂ ನೀವು ಹಾಡುತ್ತಿರಲಿಲ್ಲ. ರಾಕ್ ಎಂಬ ಶಬ್ದವನ್ನು ನಾನು ಕಂಡದ್ದು ಇಂಗ್ಲಿಷ್ ಕ್ಯಾಸೆಟ್ಟುಗಳ ಮೇಲೆ ಮಾತ್ರ. ನಮ್ಮ ಮಾತಿನಲ್ಲೇ, ನಮ್ಮ ಹೊಲ ಕೂಲಿಯ ಸುದ್ದಿಯನ್ನೇ ಹಿಡಿದು, ಎದೆ ಗುದ್ದುವ ಹಾಗೆ ಅದನ್ನು ಬಾರಿಸಬಹುದೆಂದು ನೀವು ತೋರಿಸಿದಿರಿ. ನಾನು ಮರುಳಾದೆ. ‘ಮರುಳು’ ಎಂಬುದಕ್ಕಿಂತ ಕಡಿಮೆಯ ಮಾತು ಯಾವುದೂ ಇಲ್ಲಿ ಸರಿಹೊಂದುವುದಿಲ್ಲ.

ನಿಮ್ಮ ವಿಷಯಕ್ಕೆ ನನ್ನ ಅಂಗಡಿಯಲ್ಲಿ ಪ್ರತಿ ಭಾನುವಾರ ಜಗಳ. ನನಗೆ ಎದುರಾಳಿ ರಜಾಕ್ ಮಾಸ್ತರರು, ಸುರಪುರದ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ವಾದ ಮಾಡಲೆಂದೇ ಬಸ್ ಹತ್ತಿ ಬರುತ್ತಿದ್ದರು.

“ಇಷ್ಟು ಚಲೋ ಬ್ಯಾಂಡ್, ಮಲ್ಲಣ್ಣ, ನೀವೂ ನಾನೂ ಕೇಳಿದ್ರ ಏನ್ ಬಂತ್ರಿ? ಬೆಂಗಳೂರಿನಾಗ ಕೇಳಬೇಕು, ಬಸ್ಸಿನಾಗ ಕೇಳಬೇಕು, ಮದುವಿ ಮನ್ಯಾಗ ಕೇಳಬೇಕು!”

“ಮಂದಿ ಬಂದ್ರ ಹಾಡು ಕೆಡ್ತದ್ರಿ ಮಾಸ್ತರ್. ನಾಳಿ ಕಂಪನಿಯವ್ರು ಹಿಂಗ ಕುಣೀರಿ ಅಂತಾರ, ಇವ್ರೂ ಕುಣೀತಾರ.”

“ಕುಣೀಲಿ ಬಿಡ್ರಿ. ಕುಣಿದ್ರ ಕಾಲೇನ್ ಮುರೀತಾವ?”

ಹೀಗೆ. ಚಹಾ ತಣ್ಣಗಾಗುತ್ತಿತ್ತು, ಗಿರಾಕಿಗಳು ನಿಂತು ನೋಡಿ ಹೋಗುತ್ತಿದ್ದರು, ಹಲಗೆಯ ಆ ಕಡೆಯಿಂದ ಅಪ್ಪ ಕೆಮ್ಮುತ್ತಿದ್ದರು. ಹೆಸರು ಬಂದರೆ ನೀವು ಹಾಳಾಗುತ್ತೀರಿ ಎಂಬುದು ನನ್ನ ವಾದ. ಅದನ್ನು ಎಷ್ಟು ಸಲ ಹೇಳಿದೆನೆಂದರೆ, ನನಗೇ ಅದು ಸತ್ಯದ ಹಾಗೆ ಕೇಳಿಸತೊಡಗಿತು.

ನಮ್ಮ ವಾದವೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಎರಡು ಹಾಡುಗಳ ಮೇಲೆ. ‘ಕೊನೀ ಹೊಲ’ — ಕಾಲುವೆಯ ತುದಿಯಲ್ಲಿದ್ದು ನೀರೇ ಮುಟ್ಟದ ಹೊಲದ ಹಾಡು. ನಿಧಾನ, ಉದ್ದ, ಮಾತು ಮುಗಿದ ಮೇಲೂ ಗಿಟಾರ್ ಒಂದೇ ಬಹಳ ಹೊತ್ತು ಅಳುತ್ತಿರುತ್ತದೆ. ಅದು ನನ್ನ ಹಾಡು. ಇನ್ನೊಂದು ‘ನೀರು ಬಂತು’ — ಮೊದಲ ಸಲ ಕಾಲುವೆಗೆ ನೀರು ಬಿಟ್ಟ ದಿನದ ಹಾಡು. ನೀನು ಒಂದು ಸಾಲು ಎತ್ತಿಕೊಟ್ಟರೆ ಸುತ್ತ ನಿಂತವರು “ಬಂತು!” ಎಂದು ಕೂಗಬೇಕು. ಜನರಿಲ್ಲದೆ ಆ ಹಾಡೇ ಇಲ್ಲ. ಮಾಸ್ತರರಿಗೆ ಅದೆಂದರೆ ಜೀವ. ನಾನು ಅದಕ್ಕೆ ‘ಚಪ್ಪಾಳೆ ಹಾಡು’ ಎಂದು ಹೆಸರಿಟ್ಟು ನಗುತ್ತಿದ್ದೆ.

ಆಗ ಬಂದವನು ಕ್ಯಾಸೆಟ್ ಏಜೆಂಟ್. ಹುಬ್ಬಳ್ಳಿಯಿಂದ ಮಾಲು ತಂದು ಅಂಗಡಿಗಳಿಗೆ ಹಾಕುವವನು. ನನ್ನ ಅಂಗಡಿಯಲ್ಲಿ ನಿಮ್ಮದೊಂದು ಹಾಡು ಓಡುತ್ತಿತ್ತು. ಕೇಳಿದ, ನಿಂತ, ಇನ್ನಷ್ಟು ಕೇಳಿದ.

“ಇವ್ರದೊಂದು ಹಾಡು ತುಂಬಿ ಇಡ್ರಿ. ಯಾದಗಿರಿ ಮುಗಿಸ್ಕೊಂಡು ವಾಪಸ್ ಹೋಗ್ತಾ ಒಯ್ತೀನಿ. ಒಂದ ಸಾಕು — ನಮ್ಮ ಸಾಹೇಬ್ರು ಒಂದ್ ಕೇಳಿನ ಹೇಳಿಬಿಡ್ತಾರ.”

ಯಾವ ಹಾಡು ಎಂದು ನೀವು ಮೂವರೂ ಒಂದು ಕ್ಷಣವೂ ಯೋಚಿಸಲಿಲ್ಲ. ‘ನೀರು ಬಂತು’. ಗೋಗಿಯಲ್ಲಿ ಕೆನಾಲ್ ದಂಡೆಯ ಬಯಲಿನಲ್ಲಿ ಒಂದು ಸಂಜೆ ಖಾಜಾನ ಮೈಕ್ ಸೆಟ್ ಕಟ್ಟಿದಿರಿ. ನಾನು ಟೇಪ್ ಹೊತ್ತುಕೊಂಡು ಬಂದೆ. ಎಷ್ಟು ಜನ! ನಾಟಿ ಮುಗಿಸಿ ಕಾಲು ತೊಳೆದುಕೊಂಡು ಹಾಗೆಯೇ ಬಂದ ಹೆಂಗಸರು, ಒಬ್ಬರ ಓಣಿಗೆ ಒಬ್ಬರು ಹೋಗದವರು, ಎಲ್ಲರೂ ಒಂದೇ ಕಡೆ ಒತ್ತಿ ನಿಂತಿದ್ದರು. ಯಾರೋ ಒಬ್ಬ ನನ್ನ ಹೆಗಲು ಮುಟ್ಟಿ, “ಸರೀರಿ, ಆ ಕಡಿ ನಿಲ್ರಿ, ಭೀಮು ಕಾಣ್ಸವಲ್ಲ” ಎಂದ.

ಆ ಮಾತು ನನಗೆ ಚುಚ್ಚಿತು, ಭೀಮು. ನಿನ್ನನ್ನು ಮೊದಲು ಕೇಳಿದವನು ನಾನು, ನಿನ್ನ ಹಾಡಿನ ಒಂದೊಂದು ತಿರುವನ್ನೂ ಬಲ್ಲವನು ನಾನು — ಆ ಕಡೆ ನಿಲ್ಲಬೇಕಾದವನೂ ನಾನೇ? ಈ ಹಾಡು ಹುಬ್ಬಳ್ಳಿಗೆ ಹೋದರೆ, ಅಲ್ಲಿಂದ ಊರೂರಿಗೆ ಹೋದರೆ, ನಾನು ಇನ್ನೂ ಎಷ್ಟು ಆ ಕಡೆ ಸರಿಯಬೇಕು... ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ. ಬೇರೆ ಒಳ್ಳೆಯ ಹೆಸರನ್ನು ಬಹಳ ವರ್ಷ ಹುಡುಕಿದ್ದೇನೆ, ಸಿಗಲಿಲ್ಲ.

ಏಜೆಂಟ್ ಬರುವ ದಿನ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬನೇ ಕೂತು, ಹೊಸ ಕ್ಯಾಸೆಟ್ಟಿಗೆ ‘ಕೊನೀ ಹೊಲ’ ತುಂಬಿದೆ. ಮೇಲೆ ಚೆಂದದ ಅಕ್ಷರದಲ್ಲಿ ‘ತೂಬು, ಗೋಗಿ’ ಎಂದಷ್ಟೇ ಬರೆದೆ. ಹಾಡಿನ ಹೆಸರು ಬರೆಯಲಿಲ್ಲ. ಆಗಲೇ ನನ್ನೊಳಗಿನ ಕಳ್ಳ ಅಷ್ಟು ಹುಷಾರಾಗಿದ್ದ.

ಮಧ್ಯಾಹ್ನ ಏಜೆಂಟ್ ಬಸ್ಸಿನಲ್ಲಿ ಜಾಗ ಹಿಡಿದು ಕೂತಿದ್ದ. ನೀನು ಗೋಗಿಯಿಂದ ಆಟೊದಲ್ಲಿ ಬಂದು ಇಳಿದೆ. ತೊಳೆದ ಅಂಗಿ, ಎಣ್ಣೆ ಹಚ್ಚಿದ ತಲೆ — ಹಾಡು ಹೋಗುತ್ತಿತ್ತೇ ಹೊರತು ನೀನಲ್ಲ, ಆದರೂ.

“ಮಲ್ಲಣ್ಣ, ಒಮ್ಮಿ ಹಚ್ರಿ. ಕೇಳಿ ಕೊಡೋಣು.”

ನನ್ನ ಕೈ ಕ್ಯಾಸೆಟ್ಟಿನ ಮೇಲೇ ಇತ್ತು. ನೀನು ಆಗಲೇ ಸ್ಟೂಲ್ ಎಳೆದುಕೊಂಡಿದ್ದೆ. ಎದುರಿಗೆ ಬಸ್ಸು ಹಾರ್ನ್ ಹೊಡೆಯಿತು. ನಾನು, “ಬ್ಯಾಡೋ, ಟೇಪಿನ ಹೆಡ್ ಹೊಲಸಾಗ್ಯಾದ. ರೀಲು ಸಿಕ್ಕೊಂಡ್ರ ಹೊಸ ಕ್ಯಾಸೆಟ್ಟ ಹೋಗ್ತದ” ಎಂದೆ. ನೀನು ಟೇಪನ್ನು ನೋಡಿದೆ, ನನ್ನನ್ನು ನೋಡಿದೆ. ಇನ್ನೊಂದು ಮಾತು ಕೇಳಿದ್ದರೆ — ಒಂದೇ ಒಂದು — ನಾನು ಸಿಕ್ಕಿಬೀಳುತ್ತಿದ್ದೆ. ನೀನು ಕೇಳಲಿಲ್ಲ. “ಹಂಗಾರ ಬ್ಯಾಡ್ರಿ” ಎಂದು ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ನೀನೇ ಓಡಿಹೋಗಿ ಬಸ್ಸಿನ ಕಿಟಕಿಯಲ್ಲಿ ಕೊಟ್ಟೆ. ನಾನು ಅಂಗಡಿಯೊಳಗೆ ನಿಂತು ನೋಡಿದೆ.

ಫೋನ್ ಬರುವತನಕದ ದಿನಗಳನ್ನು ಹೇಗೆ ಕಳೆದೆನೋ. ಪಕ್ಕದ ಎಸ್‌ಟಿಡಿ ಬೂತಿನ ಗಂಟೆ ಹೊಡೆದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದೆ. ಕೊನೆಗೆ ಬಂದಾಗ ನೀನೂ ಇದ್ದೆ, ನನ್ನ ಅಂಗಡಿಯ ಮೆಟ್ಟಿಲ ಮೇಲೆ. ನಾನು ಬೂತಿನ ಗಾಜಿನ ಬಾಗಿಲು ಎಳೆದುಕೊಂಡೆ.

“ಹಾಡು ಕೆಟ್ಟಿಲ್ರಿ” ಎಂದ ಏಜೆಂಟ್. “ಖರೆ ಬಾಳ ಉದ್ದ ಆತು, ಬಾಳ ಜಡ. ಮಂದಿ ಕೂಡಿ ಹಾಡೋವಂಥಾದು ಏನರ ಅದ ಏನ್ರಿ ಅವ್ರ ಹಂತ್ಯಾಕ? ಇದ್ರ ಲಗೂನ ಕಳಸ್ರಿ. ದನಿ ಹಿಡಿಸ್ಯಾದ, ಇನ್ನೊಂದು ಕೇಳ್ತೀನಿ ಅಂದಾರ ಸಾಹೇಬ್ರು.”

ಓದುವವರೇ, ಇಲ್ಲಿ ಸ್ವಲ್ಪ ನಿಲ್ಲಿ. ಮೊದಲನೆಯದನ್ನು ಮೂರ್ಖತನ ಎಂದು ಯಾರಾದರೂ ಕ್ಷಮಿಸಬಹುದು. ಇದನ್ನು ಕ್ಷಮಿಸಬೇಡಿ. ಅವರು ಕೇಳಿದ ಹಾಡೇ ನನ್ನ ಡ್ರಾವರಿನಲ್ಲಿತ್ತು. ಅದನ್ನು ಕಳಿಸಿದ್ದರೆ ಮೊದಲು ಕಳಿಸಿದ್ದು ಬೇರೆ ಎಂದು ಭೀಮುವಿಗೆ ಗೊತ್ತಾಗುತ್ತಿತ್ತು. ಅಷ್ಟೇ. ನನ್ನ ಮಾನ ಉಳಿಸಿಕೊಳ್ಳಲು ನಾನು, “ಇಲ್ರಿ, ಅಂಥಾದು ಯಾವ್ದೂ ಇಲ್ರಿ” ಎಂದು ಫೋನ್ ಇಟ್ಟೆ.

ಗಾಜಿನ ಬಾಗಿಲು ತೆಗೆದಾಗ ನೀನು ಎದ್ದು ನಿಂತಿದ್ದೆ.

“ಏನಂದ್ರು?”

“ಮಂದಿಗಿ ಹಿಡಸಂಗಿಲ್ಲಂತ.”

“‘ನೀರು ಬಂತು’?”

“ಹೂಂ.”

ನೀನು ನಗಲು ನೋಡಿದೆ. “ಮತ್ತ ಅವತ್ತು ಗೋಗಿಯಾಗ ಕೂಗಿದವ್ರು ಯಾರ್ರಿ?”

ಆಗ ನಾನು ಆ ಮಾತು ಆಡಿದೆ. ಯಾಕೆ ಆಡಿದೆನೋ — ಪ್ರಶ್ನೆ ಅಲ್ಲಿಗೇ ನಿಲ್ಲಲಿ ಎಂದು. “ನಮ್ಮ ಮಂದಿ, ನಿನ್ನ ಮ್ಯಾಲಿನ ಪ್ರೀತಿಗಿ ಕೂಗ್ಯಾರ ತಗೋ. ಹಾಡಿಗಲ್ಲ.”

ನಿನ್ನ ಮುಖ ಆರಿದ್ದನ್ನು ನೋಡಿದೆ. ನೀನು ಚಪ್ಪಲಿ ಮೆಟ್ಟಿ ಹೊರಟೆ.

ಮುಂದಿನ ಸಲ ಸುರಪುರದಲ್ಲಿ ಬಾರಿಸಿದಾಗ ಜನ “ನೀರು ಬಂತು, ನೀರು ಬಂತು” ಎಂದು ಕೂಗಿದರು. ನೀನು ಮೈಕಿನಲ್ಲಿ, “ಅದು ಬ್ಯಾಡ್ರಿ, ಅದೇನ್ ಚಲೋ ಇಲ್ಲ” ಎಂದೆ. ಶರಣು ಡ್ರಮ್ಮಿನ ಕಡ್ಡಿ ಹಿಡಿದು ನಿನ್ನನ್ನೇ ನೋಡುತ್ತಿದ್ದ. ಅವತ್ತು ಮುಂದಿನ ಸಾಲಿನಲ್ಲಿದ್ದ ರಜಾಕ್ ಮಾಸ್ತರರು ಮರುದಿನ ಅಂಗಡಿಗೆ ಬಂದು, ಚಹಾವನ್ನೂ ಕುಡಿಯದೆ, “ನಾ ಸೋತೆ ಮಲ್ಲಣ್ಣ. ಆ ಹಾಡು ಕಂಪನಿಯವ್ರಿಗಿ ಹಿಡಿಸ್ಲಿಲ್ಲಂದ್ರ ನನಗ ಹಾಡು ತಿಳಿಯಂಗಿಲ್ಲ ಅಂತ ಆತು” ಎಂದರು. ಭಾನುವಾರ ಬರುವುದನ್ನೇ ಬಿಟ್ಟರು. ವಾದ ಗೆದ್ದೆ ನಾನು. ಮಾಸ್ತರರು ಈಗಿಲ್ಲ, ಅವರಿಗೆ ಇನ್ನು ಹೇಳಲಾಗುವುದಿಲ್ಲ.

ಆಮೇಲೆ ನೀವು ನಿಧಾನದ ಹಾಡುಗಳನ್ನೇ ಬಾರಿಸಿದಿರಿ. ಜನ ಕಡಿಮೆಯಾದರು. ಕೊನೆಕೊನೆಗೆ ಖಾಜಾನ ಶೆಡ್ಡಿನಲ್ಲಿ ಕೆಲವರೇ ಕೂತು ಕೇಳುತ್ತಿದ್ದೆವು. ಎಲ್ಲರಿಗಿಂತ ಮುಂದೆ ನಾನು. ನನಗೆ ಬೇಕಾದಂಥ ಬ್ಯಾಂಡ್ ನನಗೆ ಸಿಕ್ಕಿತ್ತು. ಒಂದು ದಿನ ಅದೂ ನಿಂತಿತು. ಶರಣು ಮದುವೆ ಬ್ಯಾಂಡಿಗೆ ಮರಳಿದ. ಖಾಜಾ ತನ್ನ ಗಿಟಾರ್ ಮಾರಿದ. ನೀನು ಕಡೇಚೂರಿನ ಫ್ಯಾಕ್ಟರಿ ಸೇರಿ ಸೈದಾಪುರದಲ್ಲಿ ಮನೆ ಮಾಡಿದೆ.

ಈಗ ಫೋನಿನಲ್ಲಿ ಹಳೇ ಕ್ಯಾಸೆಟ್ ಪ್ರೇಮಿಗಳ ಒಂದು ಗುಂಪಿದೆ. ‘ತೂಬು’ ಯಾಕೆ ಮೇಲೆ ಬರಲಿಲ್ಲ ಎಂದು ಅಲ್ಲಿ ದಿನವೂ ಚರ್ಚೆ. ನಿಮ್ಮನ್ನು ಎದುರಿಗೆ ಕೇಳಿದವನೆಂದು ನನ್ನನ್ನೇ ಕೇಳುತ್ತಾರೆ. “ಕಂಪನಿಯವರಿಗೆ ಕಿವಿ ಇರಲಿಲ್ಲ” ಎಂದು ನಾನು ಎಷ್ಟು ಸಲ ಬರೆದಿದ್ದೇನೋ. ಕಳೆದ ತಿಂಗಳು ಯಾರೋ ನಿನ್ನನ್ನೂ ಗುಂಪಿಗೆ ಸೇರಿಸಿದರು. ನಿನ್ನ ದನಿ ಬಂತು — ವಯಸ್ಸಾಗಿದೆ, ಆದರೂ ಅದೇ ದನಿ: “ಯಾರ್ದೂ ತಪ್ಪಿಲ್ರಿ. ನಮ್ಮ ಚಲೋ ಹಾಡೇ ಕಳಿಸಿದ್ವಿ. ಅದು ಅಷ್ಟೇ ಇತ್ತು.”

ಅದು ಅಷ್ಟೇ ಇರಲಿಲ್ಲ, ಭೀಮು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ನಿನ್ನ ಕೈಸೇರಿದ ಮೇಲೆ ಆ ಗುಂಪಿನಲ್ಲೂ ಹಾಕುತ್ತೇನೆ, ನನ್ನ ಹೆಸರು ಹಾಕಿಯೇ.

ಇನ್ನೂ ಒಂದು ಉಳಿದಿದೆ. ನನಗೆ ‘ಕೊನೀ ಹೊಲ’ವೇ ನಿಜವಾಗಿ ಹೆಚ್ಚು ಹಿಡಿಸಿತ್ತು, ಕಲೆಯ ಮೇಲಿನ ಹುಚ್ಚಿನಿಂದ ಹಾಗೆ ಮಾಡಿದೆ ಎಂದು ನೀನು ನನಗೊಂದು ದಾರಿ ಬಿಟ್ಟುಕೊಡಬಹುದು. ನಿನ್ನ ಸ್ವಭಾವ ಅಂಥದ್ದು. ಆ ದಾರಿಯೂ ಇಲ್ಲ. ಗೋಗಿಯಲ್ಲಿ ತುಂಬಿಕೊಂಡ ಮೂಲ ಕ್ಯಾಸೆಟ್ ಇವತ್ತಿಗೂ ನನ್ನ ಬಳಿ ಇದೆ. ಹಾಡು ಮುಗಿದ ಕೂಡಲೇ ಜನರ ಗದ್ದಲದ ಮೇಲೆ, ಟೇಪಿಗೆ ತೀರ ಹತ್ತಿರದಿಂದ, ಒಬ್ಬ ಗಂಟಲು ಹರಿಯುವ ಹಾಗೆ “ಇನ್ನೊಮ್ಮಿ!” ಎಂದು ಕೂಗುತ್ತಾನೆ. ಆಮೇಲೆ ಮೈಕಿನಲ್ಲಿ ನಿನ್ನ ನಗು. “ಮಲ್ಲಣ್ಣನೂ ಕೂಗ್ಯಾನ ನೋಡ್ರಪೋ!” ಎನ್ನುತ್ತೀ. ನನ್ನ ಜೊತೆ ಯಾವಾಗಲೂ ‘ರಿ’ ಹಚ್ಚಿ ಮಾತಾಡುವ ನೀನು ಆ ಖುಷಿಯಲ್ಲಿ ಅದನ್ನೂ ಮರೆತಿದ್ದೆ. ಹಾಡು ಬದಲಿಸಿದ ದಿನ ಬೆಳಿಗ್ಗೆ ನಾನು ಇದನ್ನು ಕೇಳಿಸಿಕೊಂಡೇ ಬದಲಿಸಿದೆ.

ಈ ಭಾನುವಾರ ಆ ಕ್ಯಾಸೆಟ್ಟನ್ನು ತೆಗೆದುಕೊಂಡು ಸೈದಾಪುರಕ್ಕೆ ಬರುತ್ತೇನೆ. ಒಳಗೆ ಕರೆಯಬೇಕೆಂದೇನೂ ಇಲ್ಲ; ಬಾಗಿಲಲ್ಲೇ ಕೊಟ್ಟು, ನೀನು ಅಂದದ್ದನ್ನು ಕೇಳಿಕೊಂಡು ನಿಲ್ಲುತ್ತೇನೆ. ಅವತ್ತು ಕೂಗಿದವರು ಯಾರು ಎಂದು ನೀನು ಕೇಳಿದ್ದೆ. ನಾನು, ಭೀಮು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು.